ಹೆಸರು ಹಿಡಿದು ಕೂಗಿದ್ದು

"ಮೂಗಲ್ಲಿ ಉಸ್ರೇ ಎಳೀಬಾರ್ದಂತೆ, ಬಾಯಲ್ಲೇ ಎಳ್ಕಬೇಕಂತೆ ಕಣಮ್ಮಿ," ಎಂದು ಹೆಂಡತಿಗೆ ಪಾಠ ಒಪ್ಪಿಸಿ, ಮಹದೇವಪ್ಪ ಈಜುಗನ್ನಡಕ ಏರಿಸಿ, ರಬ್ಬರ್ ಕೊಳವೆಯನ್ನು ಹಲ್ಲಲ್ಲಿ ಕಚ್ಚಿಕೊಂಡು ದೋಣಿಯ ಏಣಿ ಇಳಿದ. ಐವತ್ತೆಂಟರ ಗಂಡ ಹತ್ತು ಜನರೆದುರು ಚಡ್ಡಿಯಲ್ಲಿ ನಿಂತದ್ದಕ್ಕೆ ವಿಮಲಮ್ಮನಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು.

ಈ ವರ್ಷ ಹೊಗೆಸೊಪ್ಪು ಬೇಗ ಹರಾಜಾಗಿತ್ತು. ಹುಣಸೂರಿನ ಸೊಸೈಟಿಯಲ್ಲಿ ಕೆಲಸಕ್ಕಿದ್ದ ಮಗಳು ಬೃಂದಾ ರಜೆ ಹಾಕಿ ಅಪ್ಪ ಅಮ್ಮನನ್ನು ಮುರುಡೇಶ್ವರಕ್ಕೆ ಕರೆತಂದಿದ್ದಳು. ದರ್ಶನ ಮುಗಿಸಿ ಊರಿನ ದಾರಿ ಹಿಡಿಯಬೇಕಿತ್ತು. ಅಷ್ಟರಲ್ಲಿ ಯಾರೋ ನೇತ್ರಾಣಿ ದ್ವೀಪದ ಸುತ್ತ ನೀರೊಳಗೆ ಹವಳ ಬೆಳೆದಿದೆ, ಮುಖ ಅದ್ದಿದರೆ ಸಾಕು ಕಾಣುತ್ತದೆ ಎಂದದ್ದೇ ತಡ, ಮಹದೇವಪ್ಪ ಹಟ ಹಿಡಿದ. "ನಿನ್ ತಾಳಿ ಸರದಲ್ಲಿ ಇರಾದು ಅದೇ ಹವಳ ಕಣೆ. ಗಿಡದಂಗೆ ಬೆಳೀತದಂತೆ. ಇಷ್ಟ್ ದೂರ ಬಂದು ಬೆಳೆ ನೋಡ್ದೆ ಓಗಾದಾ?"

ವಿಮಲಮ್ಮನಿಗೆ ನೀರೆಂದರೆ ಆಗದು. ಅವಳಿಗೆ ಹನ್ನೆರಡು ವರ್ಷವಾಗಿದ್ದಾಗ, ತೌರೂರು ಕಟ್ಟೆಮಳಲವಾಡಿಯಲ್ಲಿ ತಮ್ಮ ಶಿವಶಂಕರ ಈಜಲು ಹೋಗಿ ಮುಳುಗಿದ್ದ. ಮಾರನೆಯ ಬೆಳಗ್ಗೆ ತೇಲಿದ. ಬೋರಲು ಬಿದ್ದು, ಎರಡೂ ಕೈ ಅಗಲಿಸಿಕೊಂಡು. ಮೊದಲು ನೋಡಿದವಳು ಇವಳೇ. ಆಮೇಲೆ ಅವಳು ಯಾವ ನೀರಿನ ಹತ್ತಿರವೂ ಸುಳಿದವಳಲ್ಲ. ಇವತ್ತೂ ದೋಣಿಯಲ್ಲಿ ತಲೆಸುತ್ತಿ ವಾಂತಿ ಮಾಡುತ್ತಿದ್ದ ಮಗಳ ಬೆನ್ನು ನೀವುತ್ತಾ ಸಮುದ್ರಕ್ಕೆ ಬೆನ್ನು ತಿರುಗಿಸಿಯೇ ಕೂತಿದ್ದಳು.

ಬಹಳ ಹೊತ್ತಾಯಿತೆನ್ನಿಸಿ ತಿರುಗಿ ನೋಡಿದಳು. ಕಿತ್ತಳೆ ಲೈಫ್ ಜಾಕೆಟ್ಟಿನವರು ಅಲ್ಲಲ್ಲಿ ಕೈಕಾಲು ಬಡಿಯುತ್ತಿದ್ದರು. ಗೈಡು ದೋಣಿಯ ಆಚೆ ಬದಿಯಲ್ಲಿ ಹೆದರಿದ ಹೆಂಗಸೊಬ್ಬಳ ಕೈ ಹಿಡಿದಿದ್ದ. ಒಬ್ಬ ಮಾತ್ರ ದೂರದಲ್ಲಿ ಬೋರಲು ಬಿದ್ದು, ಎರಡೂ ಕೈ ಅಗಲಿಸಿ, ಕದಲದೆ ತೇಲುತ್ತಿದ್ದ. ಆ ಬೊಕ್ಕತಲೆ ಅವಳಿಗೆ ಗೊತ್ತಿಲ್ಲದ್ದೇ?

"ರೀ!" ಎಂದು ಕೂಗಿದಳು. ನೀರಿನಲ್ಲಿದ್ದ ಮೂವರು ಗಂಡಂದಿರು ತಲೆಯೆತ್ತಿದರು, ಅವಳ ಗಂಡನೊಬ್ಬನ ಹೊರತು. "ಬೃಂದನ್ ಅಪ್ಪಾ!" ಎಂದಳು. ಅದಕ್ಕೂ ಕದಲಲಿಲ್ಲ.

ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಗಂಡನ ಹೆಸರು ಅವಳ ಬಾಯಿಂದ ಬಂದದ್ದಿಲ್ಲ. ರೇಷನ್ ಅಂಗಡಿಯಲ್ಲೂ ಕಾರ್ಡು ತೋರಿಸುತ್ತಿದ್ದಳೇ ಹೊರತು ಹೇಳುತ್ತಿರಲಿಲ್ಲ. ಹೆಸರು ಹಿಡಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆಂದು ಅತ್ತೆ ಹೇಳಿಕೊಟ್ಟಿದ್ದರು. ಆಯಸ್ಸೇ ಅಲ್ಲಿ ತೇಲುತ್ತಿರುವಾಗ ಇನ್ನು ಯಾವ ಲೆಕ್ಕ? ವಿಮಲಮ್ಮ ಎದ್ದು ನಿಂತು, ಹೊಲದ ಆ ಬದುವಿಗೆ ಕೇಳುವಂತೆ ಗಂಟಲು ಹರಿದುಕೊಂಡಳು.

"ಮಾದೇವಪ್ಪಾ! ಲೋ ಮಾದೇವಪ್ಪಾ!"

ಬೊಕ್ಕತಲೆ ಮೇಲೆದ್ದಿತು. ಕೊಳವೆ ಉಗುಳಿ, ಮಹದೇವಪ್ಪ ದೋಣಿಯ ಉದ್ದಕ್ಕೂ ಗಂಡಸರ ಮುಖಗಳನ್ನೇ ಹುಡುಕಿದ. "ಯಾರ್ಲಾ ಅದು ಕೂಗಿದ್ದು? ನಮ್ಮೂರೋರು ಯಾರಾದ್ರೂ ಬಂದವ್ರಾ?"

"ಅವ್ವ ಕಣಪ್ಪಾ ಕೂಗಿದ್ದು!" ಎಂದು ಬೃಂದಾ ವಾಂತಿ ಮರೆತು ನಕ್ಕಳು.

ವಿಮಲಮ್ಮ ಅಲ್ಲೇ ಕೂತುಬಿಟ್ಟಳು. ಅಳುವೂ ನಗುವೂ ಒಟ್ಟಿಗೇ ಬಂದವು. ದೇವರೇ, ಬದುಕಿಸಿದೆ, ಎಂದುಕೊಂಡಳು. ಅವನು ಏಣಿಯ ಹತ್ತಿರ ಬಂದೊಡನೆ ಬಯ್ದಳು: "ಹೆಣದಂಗೆ ಯಾಕ್ರೀ ಬಿದ್ದಿದ್ರಿ ಅಂಗೆ?" ಅಂದವಳೇ ನಾಲಿಗೆ ಕಚ್ಚಿ, "ಬುಡ್ತು, ಬುಡ್ತು," ಎಂದು ಕೆನ್ನೆ ಬಡಿದುಕೊಂಡಳು.

"ಅಲ್ಲಾಡುದ್ರೆ ಮೀನು ಓಡೋಯ್ತವೆ ಕಣಮ್ಮಿ. ಅದ್ಕೆ ಸುಮ್ಕಿದ್ದೆ," ಎಂದ ಮಹದೇವಪ್ಪ ಅವಳ ಒದ್ದೆ ಕಣ್ಣು ನೋಡಿದ. ಕಟ್ಟೆಮಳಲವಾಡಿಯ ಸಂಗತಿ ಅವನಿಗೂ ಗೊತ್ತಿತ್ತು. "ಸಾಕು ಬುಡು. ನೋಡಿದ್ದಾಯ್ತು, ಅತ್ತಿ ಬತ್ತೀನಿ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಗಂಡನ ಕಣ್ಣಿನ ಸುತ್ತ, ಹಣೆಗೇರಿಸಿದ್ದ ಕನ್ನಡಕದ ಗುರುತು ಕೆಂಪಗೆ ಕೂತಿತ್ತು. ಅಷ್ಟು ಖುಷಿಯಾಗಿರುವ ಆ ಮುಖವನ್ನು ಅವಳು ನೋಡಿ ವರ್ಷಗಳೇ ಆಗಿದ್ದವು.

"ಬ್ಯಾಡ, ನೋಡ್ಕಂಡೇ ಬನ್ನಿ," ಎಂದಳು. "ಒಂದ್ ಕೈ ಮಾತ್ರ ಮ್ಯಾಲೆ ಎತ್ಕಂಡಿರಿ."

ಮಹದೇವಪ್ಪ ಮತ್ತೆ ಕೊಳವೆ ಕಚ್ಚಿ ಬೋರಲಾದ. ಅವನ ಬಲಗೈ ನೀರಿನಿಂದ ಮೇಲಕ್ಕೆ ನೆಟ್ಟಗೆ ನಿಂತಿತು. ವಿಮಲಮ್ಮ ಈಗ ಸಮುದ್ರದ ಕಡೆ ಮುಖ ಮಾಡಿ ಕೂತಳು. ಸ್ವಲ್ಪ ಹೊತ್ತಿಗೆ ಆ ಕೈ ಸೋತು ಇಳಿಯಿತು. ಅವಳು ಉಸಿರು ಹಿಡಿಯುವಷ್ಟರಲ್ಲಿ ಎಡಗೈ ಮೇಲೆ ಬಂತು.