ರೇಡಿಯೋ ಭಾವ ಹಿಂಬಾಲಿಸಿದ ಫೈಲು

ಬೀದಿಯವರು ಅವನನ್ನು ರೇಡಿಯೋ ಎಂದು ಸುಮ್ಮನೆ ಕರೆಯುತ್ತಿರಲಿಲ್ಲ. ಅವನ ಕಿವಿಗೆ ಬಿದ್ದ ಸುದ್ದಿ ಕಾಫಿ ಆರುವುದರೊಳಗೆ ಮೂಲೆಯ ಕಟಿಂಗ್ ಶಾಪು ಮುಟ್ಟುತ್ತಿತ್ತು. ಅಂಥವನ ಕಂಪ್ಯೂಟರ್ ಅಂಗಡಿಯ ಸರ್ವರಿನಲ್ಲೇ ಡಾಕ್ಟರ್ ನಾದಿನಿ ತನ್ನ ರೋಗಿಗಳ ಫೈಲುಗಳನ್ನು ಇಟ್ಟಿದ್ದಳು. ಅವಳಿಗೆ ಸರ್ವರಿನ ಮೇಲೆ ನಂಬಿಕೆಯಿತ್ತು, ಭಾವನ ಬಾಯಿಯ ಮೇಲಿರಲಿಲ್ಲ. ಹಾಗಾಗಿ ಗಣಿತ ಓದಿದ ಅವಳ ಮಗಳು ಎಲ್ಲ ಫೈಲಿಗೂ, ಹೆಸರಿಗೂ ಬೀಗ ಹಾಕಿ ಕೀಲಿಯನ್ನು ಕ್ಲಿನಿಕ್ಕಿನ ಕಂಪ್ಯೂಟರಿನಲ್ಲೇ ಉಳಿಸಿದ್ದಳು. ಡಾಕ್ಟರು ಟೈಪ್ ಮಾಡಿದ ಹೆಸರು ಅಂಕೆ ಅಕ್ಷರಗಳ ಕಲಸುಮೇಲೋಗರವಾಗಿ ಸರ್ವರಿಗೆ ಬರುತ್ತಿತ್ತು. ಸರ್ವರು ಅದಕ್ಕೆ ಹೊಂದುವ ಫೈಲನ್ನು ಹುಡುಕಿ, ಬೀಗ ಸಮೇತ ಕಳಿಸುತ್ತಿತ್ತು. ಅದು ಯಾರದೆಂದು ಸರ್ವರಿಗೂ ಗೊತ್ತಿಲ್ಲ, ಅದರ ಯಜಮಾನನಿಗೂ ಗೊತ್ತಿಲ್ಲ.

“ಅಂಗಡಿ ತುಂಬಾ ಸುದ್ದಿ, ನಾನು ಮಾತ್ರ ಉಪವಾಸ!” ಎಂದು ಹೆಂಡತಿಯ ಮುಂದೆ ಗೋಳಾಡುತ್ತಿದ್ದ.

ಗಿರಾಕಿಗಳಿಲ್ಲದ ಒಂದು ವಾರ ಸರ್ವರಿನ ದಾಖಲೆ ನೋಡುತ್ತ ಕುಳಿತ. ದಿನಾ ಬೆಳಿಗ್ಗೆ ಹತ್ತಕ್ಕೆ ಅದೇ ಒಂದು ಸಂಕೇತ ಬರುತ್ತಿತ್ತು, ಅದೇ ಒಂದು ಫೈಲು ಹೋಗುತ್ತಿತ್ತು. ಅವನ ಕಿವಿ ನೆಟ್ಟಗಾಯಿತು. ಸಂಜೆಯೊಳಗೆ ಬೀದಿಗೆಲ್ಲ ಹಬ್ಬಿತು: “ನಮ್ಮಲ್ಲಿ ಯಾರಿಗೋ ತುಂಬಾ ಸೀರಿಯಸ್ಸು. ಡಾಕ್ಟರು ದಿನಾ ಅವರ ಫೈಲು ತೆಗೀತಾರೆ, ಪಾಪ.”

ಮರುದಿನ ಕ್ಲಿನಿಕ್ಕಿನ ಮುಂದೆ “ಆ ಫೈಲು ನಂದಾ?” ಎನ್ನುವವರ ಸಾಲು. ಟೈಲರಂತೂ ಅಂಗಡಿಗೆ ಬೀಗ ಹಾಕಿಯೇ ಬಂದಿದ್ದ. ಅವರನ್ನೆಲ್ಲ ಸಮಾಧಾನಪಡಿಸಿ ಕಳಿಸುವಷ್ಟರಲ್ಲಿ ನಾದಿನಿಗೆ ಸಾಕೋ ಸಾಕಾಯಿತು. ಭಾವನನ್ನು ಕರೆಸಿ ಬಾಗಿಲು ಹಾಕಿದಳು.

“ಏನು ಭಾವ, ಹೊಸ ಪ್ರಸಾರ?”

“ನಾನೇನು ಹೆಸರು ಹೇಳಿದ್ನಾ? ಹೆಸರು ನಂಗೇ ಗೊತ್ತಿಲ್ಲ!”

“ಹೇಳ್ಲಾ? ನಿಮ್ಮದೇ.”

ಅವನ ಮುಖ ಸುಣ್ಣ ಬಳಿದಂತಾಯಿತು.

“ಮೂರು ತಿಂಗಳಿಂದ ರಕ್ತ ಪರೀಕ್ಷೆ ತಪ್ಪಿಸ್ಕೊಂಡು ತಿರುಗ್ತಿದ್ದೀರಿ. ಅಕ್ಕ ಹೇಳೀ ಹೇಳೀ ಸೋತಳು. ರಿಪೋರ್ಟು ಬಂತಾ ಅಂತ ನಾನು ದಿನಾ ನೋಡ್ತೀನಿ, ಅಷ್ಟೇ!”

ಅವನು ಅಂಗಿಯ ತೋಳು ಮಡಚಿ ಕೈ ಮುಂದಿಟ್ಟ. ನಾದಿನಿ ರಕ್ತ ತೆಗೆದಳು. ಸಕ್ಕರೆ ತುಸು ಜಾಸ್ತಿಯಿತ್ತು, ನಡೆದರೆ ಇಳಿಯುವಷ್ಟು.

ಮಗಳು ಫೋನಿನಲ್ಲಿ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕಳು. ಆಮೇಲೆ, “ಒಂದಕ್ಷರ ಓದದೇನೇ ದೊಡ್ಡಪ್ಪ ಇಷ್ಟು ಹಿಡಿದ್ರಲ್ಲಮ್ಮ, ತಪ್ಪು ನಂದೇ” ಎಂದಳು. ಒಂದೇ ಹೆಸರು ಪ್ರತಿ ಸಲ ಬೇರೆ ವೇಷದಲ್ಲಿ ಹೋಗುವಂತೆ, ಜೊತೆಗೆ ಹತ್ತು ಸುಳ್ಳು ಹುಡುಕಾಟ ಬೆರೆಯುವಂತೆ ಅದೇ ವಾರ ಸರಿಪಡಿಸಿದಳು.

ರೇಡಿಯೋ ಈಗ ಬೆಳಿಗ್ಗೆ ಹೆಂಡತಿಯೊಡನೆ ಪಾರ್ಕಿಗೆ ಹೋಗುತ್ತಾನೆ. ಎರಡನೇ ಸುತ್ತಿಗೇ ಏದುಸಿರು, ಮಾತಾಡಲಾಗುವುದಿಲ್ಲ. ಅವಳು ಮಾತಾಡುತ್ತಾಳೆ, ಅವನು ಕೇಳುತ್ತ ನಡೆಯುತ್ತಾನೆ.