ತೊಟ್ಟಿಲ ಪದದೊಳಗಿನ ಹೆಸರು

ಚಂದ್ರಬಂಡದ ಬೂದೆಮ್ಮನಿಗೆ ತನ್ನ ಹಾಡೆಂದರೇ ಸಿಟ್ಟು. ಹಾಡಿದವಳಿಗೇ ಹಾಡಿನ ಮೇಲೆ ಸಿಟ್ಟು ಬರುವುದುಂಟೇ ಎಂದು ನಗಬೇಡಿ, ಪೂರ್ತಿ ಕೇಳಿ.

ತೊಟ್ಟಿಲ ಪದ ಹಾಡುವುದರಲ್ಲಿ ಅವಳದು ಎತ್ತಿದ ಕೈ. ಆ ಪದದ ನಡುವೆ ಕೂಸಿನ ಹೆಸರು ಬರಬೇಕು. ಸೋದರತ್ತೆ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಿ, ಆಮೇಲೆ ಎಲ್ಲರಿಗೂ ಕೇಳುವಂತೆ ಕೂಗಿದಾಗಲೇ ಬೂದೆಮ್ಮ ಅದನ್ನು ಪದಕ್ಕೆ ಸೇರಿಸುವುದು. ಕೂಸು ಅತ್ತರೆ ದನಿ ಇಳಿಸುವಳು, ಹೆಂಗಸರು ನಕ್ಕರೆ ಅವರನ್ನೂ ಪದದೊಳಗೆ ಎಳೆದು ಕಾಡುವಳು.

ಹೋದ ವರ್ಷ ರಾಯಚೂರಿನಲ್ಲಿ ರೆಕಾರ್ಡಿಂಗ್ ಮಾಡುವ ಜಹೀರ್ ಅವಳನ್ನು ಗಾಜಿನ ಕೋಣೆಯೊಳಗೆ ಕೂರಿಸಿದ. ಎದುರಿಗೆ ತೊಟ್ಟಿಲಿಲ್ಲ, ಕೂಸಿಲ್ಲ, ನರಪಿಳ್ಳೆಯಿಲ್ಲ. ಹೆಸರಿನ ಜಾಗ ಬಂದಾಗ ಬಾಯಿ ಕಟ್ಟಿತು.

“ಯಾವ್ದರ ಒಂದ್ ಹೆಸರು ಹಾಕ್ರಿ ಯವ್ವಾ,” ಎಂದ ಜಹೀರ್.

ಕಣ್ಣು ಮುಚ್ಚಿದಳು. ಬಾಯಿಗೆ ಬಂದದ್ದು ಲಲಿತಾ. ಆರು ವರ್ಷಕ್ಕೇ ಜ್ವರ ಬಂದು ತೀರಿಹೋದ ಅವಳ ಮಗಳು.

ಹಾಡು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಕವಿತಾಳದ ಆಟೋದಲ್ಲೂ ಲಲಿತಾ, ಚಹಾದಂಗಡಿಯಲ್ಲೂ ಲಲಿತಾ. ದೇವದುರ್ಗದ ವೇದಿಕೆಯ ಮೇಲೆ ಬೇಕೆಂದೇ ಬೇರೆ ಹೆಸರು ಹಾಕಿ ಹಾಡಿದಳು. ಜನ ಬಿಟ್ಟರೆ ತಾನೇ! “ಅದಲ್ಲಬೇ! ಮೊಬೈಲ್‌ನ್ಯಾಗ ಇದ್ದಂಗ ಹಾಡು!” ಎಂದು ಕೂಗಿ, ಅವಳು ಬಾಯಿ ತೆರೆಯುವ ಮೊದಲೇ ಚಪ್ಪಾಳೆ ತಟ್ಟುತ್ತ ತಾವೇ ಲಲಿತಾ ಎಂದರು. ಬೂದೆಮ್ಮ ಮನಸ್ಸಿನಲ್ಲೇ ಶಪಿಸಿದಳು. ಮಣ್ಣು ಕೊಟ್ಟು ಬಂದ ಮಗಳನ್ನು ದಿನಾ ಎಬ್ಬಿಸಿ ಕುಣಿಸುತ್ತಾರಲ್ಲ, ಇವರ ಬಾಯಿಗಿಷ್ಟು!

ಅಂದಿನಿಂದ ವೇದಿಕೆ ಸಾಕೆಂದಳು. ಹೆಸರಿಡುವ ಮನೆಗಷ್ಟೇ ಹೋಗುವುದು. ಅಲ್ಲಿ ಆ ಮನೆಯ ಕೂಸಿನ ಹೆಸರನ್ನೇ ಹಾಡಬೇಕು, ಯಾರ ಹಟವೂ ನಡೆಯುವುದಿಲ್ಲ. ಈ ಕಾಲದಲ್ಲಿ ಲಲಿತಾ ಎಂಬ ಹಳೇ ಹೆಸರು ಇಡುವವರಾದರೂ ಯಾರು?

ಮಾನ್ವಿಯಿಂದ ಅಕ್ಕಿ ಗಿರಣಿಯ ಚನ್ನವೀರ ಕರೆಸಿದ. ಮಗಳಿಗೆ ಹೆಸರಿಡುವುದಿತ್ತು. ಬೂದೆಮ್ಮ ಪದ ಎತ್ತಿಕೊಂಡು ಹೆಸರಿನ ಜಾಗಕ್ಕೆ ಬಂದು ನಿಲ್ಲಿಸಿದಳು. ಚನ್ನವೀರನ ತಂಗಿ ಸುನಂದಾ ತೊಟ್ಟಿಲಿಗೆ ಬಾಗಿದಳು. ಹೆಂಗಸರು ವಾಡಿಕೆಯಂತೆ ನಗುತ್ತ ಅವಳ ಬೆನ್ನಿಗೆ ಗುದ್ದಿದರು.

“ಕುರ್ರ್… ಲಲಿತಾ!”

ಬೂದೆಮ್ಮ ಕೂಗಿದವಳ ಮುಖವನ್ನೇ ನೋಡಿದಳು.

“ನಿಮ್ಮ ಹಾಡು ಕೇಳೇ ಇಟ್ಟೀವಿ ಯವ್ವಾ,” ಎಂದಳು ಬಾಣಂತಿ ಕಾವ್ಯಾ, ಹಿಗ್ಗಿ. “ಬಸಿರಿದ್ದಾಗಿಂದ ಅದನ್ನ ಕೇಳಾಕತ್ತೀನಿ.”

ಎದ್ದು ಹೋಗೋಣವೆಂದರೆ, ತೊಟ್ಟಿಲ ಪದ ಅರ್ಧಕ್ಕೆ ಬಿಟ್ಟರೆ ಕೂಸಿಗೆ ಕೇಡು ಎನ್ನುತ್ತಾರೆ. ಆ ಎಳೆಗೂಸು ಇವಳಿಗೇನು ಮಾಡಿದೆ, ಪಾಪ? ಸುತ್ತಲೂ ಮೊಬೈಲುಗಳು ಮೇಲೆದ್ದಿದ್ದವು. ಬೂದೆಮ್ಮ ಹಾಡಿದಳು. ತನ್ನ ಮಗಳ ಹೆಸರು ಹಿಡಿದು, ನೂರು ವರ್ಷ ಬಾಳೆಂದು ಹರಸುವ ಸಾಲಿಗೆ ಬರುವಷ್ಟರಲ್ಲಿ ದನಿ ಒಡೆಯಿತು. ಅಳುತ್ತಲೇ ಪದ ಮುಗಿಸಿದಳು.

ಸುನಂದಾ ಹತ್ತಿರ ಬಂದು ನೀರು ಕೊಟ್ಟು, ಬೆನ್ನು ಸವರಿದಳು.

“ನಡುವ ಅತ್ತುಬಿಟ್ರಲ್ರಿ ಯವ್ವಾ. ಮೊಬೈಲ್‌ನ್ಯಾಗಿನ ಹಾಡಿನಾಗ ಅಳು ಇಲ್ಲ. ವಿಡಿಯೋ ಚಂದ ಬಂದಿಲ್ರಿ. ಅದರಾಗ ಇದ್ದಂಗ ಇನ್ನೊಮ್ಮೆ ಹಾಡಿಬಿಡ್ರಿ.”

ಬೂದೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಮೊದಲಿನಿಂದ ಶುರುಮಾಡಿದಳು.