ಕುಂಕುಮ ಹಚ್ಚಿದ ಡಾಲರು

ಕಾಪುವಿನ ನಮ್ಮ ಮನೆಯಲ್ಲಿ ಹಿಮದ ಮೇಲೆ ಜಾರುವ ಆಸೆ ಹುಟ್ಟಿದ್ದು ನನಗಲ್ಲ, ಐವತ್ತೆಂಟು ದಾಟಿದ ನನ್ನ ಅಮ್ಮ ಗುಣವತಿಗೆ. ಮೊಬೈಲಿನಲ್ಲಿ ಯಾರೋ ಹೆಂಗಸು ಸೀರೆಯುಟ್ಟು ಸ್ಕೀ ಮಾಡುವುದನ್ನು ನೋಡಿದ್ದೇ ನೆಪ.

"ಮೋಕ್ಷಾ, ನಾವೂ ಹೋಗುವ. ದುಡ್ಡು ನನ್ನದು" ಎಂದಳು.

ಹಿತ್ತಿಲಿನ ಮಲ್ಲಿಗೆ ಮಾರಿ ಕೂಡಿಟ್ಟ ದುಡ್ಡು ಅದು. ಅಪ್ಪ ಭುಜಂಗ ದುಬೈಯಲ್ಲಿ ಅರ್ಧ ಆಯುಷ್ಯ ದುಡಿದು ಬಂದವರು. ಮನೆಗೆ ಒಂದು ಚಮಚ ಬಂದರೂ ಅದು ತಮ್ಮ ಗಳಿಕೆಯಿಂದಲೇ ಬಂತೆಂದು ನಂಬಿದವರು. "ಮಲ್ಲಿಗೆ ದುಡ್ಡು ನಿನ್ನ ಸಣ್ಣಪುಟ್ಟ ಖರ್ಚಿಗೆ ಇರಲಿ ಮಾರಾಯ್ತಿ, ನಾನು ಕೊಡುತ್ತೇನೆ" ಎಂದರು. ಅಮ್ಮ ಜಗ್ಗಲಿಲ್ಲ. ಕೊನೆಗೆ ಟಿಕೆಟು, ಹೋಟೆಲು ಅಪ್ಪನದು, ಸ್ಕೀ ಕಲಿಯುವ ಖರ್ಚು ಅಮ್ಮನದು ಎಂದು ರಾಜಿಯಾಯಿತು.

ಉಡುಪಿಗೆ ಹೋಗಿ ಅಮ್ಮನ ದುಡ್ಡಿಗೆ ಡಾಲರು ತಂದೆವು. ಕೌಂಟರಿನವ "ನಿನ್ನೆಗಿಂತ ಇವತ್ತು ರೇಟು ಸ್ವಲ್ಪ ಜಾಸ್ತಿ ಉಂಟು" ಎಂದಾಗ ಅಮ್ಮನಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ಮದುವೆ ಸೀಸನ್ನಿನಲ್ಲಿ ಮಲ್ಲಿಗೆ ಏರುವುದಿಲ್ಲವೇ? ಶುಕ್ರವಾರ ಬೆಳಿಗ್ಗೆ ಲಕ್ಷ್ಮಿಯ ಫೋಟೋದ ಮುಂದೆ ನೋಟುಗಳನ್ನು ಹರಡಿ, ಒಂದನ್ನೂ ಬಿಡದೆ ಅರಸಿನ ಕುಂಕುಮ ಹಚ್ಚಿದಳು. ನಮಗೆ ಯಾರಿಗೂ ಅದು ತಪ್ಪೆಂದು ಹೊಳೆಯಲಿಲ್ಲ. ಸ್ಕೂಟರಿಗೂ ಹಚ್ಚುವವರು ನಾವು, ಫ್ರಿಜ್ಜಿಗೂ ಹಚ್ಚುವವರು.

ದುಬೈ ಮೇಲಿಂದ ಜಾರ್ಜಿಯಾ ದೇಶಕ್ಕೆ ಹೋದೆವು. ಅಲ್ಲಿನ ದುಡ್ಡಿಗೆ ಲಾರಿ ಎಂದು ಹೆಸರು. ಸ್ಕೀ ಕಲಿಸುವವ ಲಾರಿಯಲ್ಲೇ ಕೊಡಿ, ಅದೂ ಕ್ಯಾಶ್ ಎಂದ. ಗುಡ್ಡದ ಬುಡದಲ್ಲಿದ್ದ ವಿನಿಮಯ ಕೌಂಟರಿನ ಹೆಂಗಸು ಅಮ್ಮನ ಮೊದಲ ನೋಟನ್ನು ಬೆಳಕಿಗೆ ಹಿಡಿದು, ಕೆಂಪು ಕಲೆಯನ್ನು ಉಗುರಿನಲ್ಲಿ ಕೆರೆದು, ವಾಪಸು ತಳ್ಳಿದಳು. ಉಳಿದವುಗಳ ಗತಿಯೂ ಅದೇ. ಕಲೆಯಾದ ನೋಟು ಅಲ್ಲಿ ನಡೆಯುವುದಿಲ್ಲವಂತೆ.

"ನಾನು ಎಟಿಎಂನಿಂದ ತೆಗೆಯುತ್ತೇನಮ್ಮ" ಎಂದೆ.

"ಬೇಡ. ನನ್ನ ದುಡ್ಡು ನಡೆಯದಿದ್ದರೆ ನಾನು ನೋಡುತ್ತಾ ಕೂರುತ್ತೇನೆ. ನೀವು ಆಡಿ" ಎಂದು ಅಮ್ಮ ಬೆಂಚಿನಲ್ಲಿ ಕೂತಳು.

ಮರುದಿನ ನಮ್ಮ ವಿಮಾನ. ಕಲಿಯುವುದಾದರೆ ಅಂದೇ ಕಲಿಯಬೇಕು. ಇಷ್ಟು ದೂರ ಬಂದು ಈ ಹಠವೇ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಟೊಪ್ಪಿಯೊಳಗಿನ ಅವಳ ಸಪ್ಪೆ ಮುಖ ನೋಡಿದರೆ ಬೈಯಲು ಬಾಯಿ ಬರಲಿಲ್ಲ.

ಆಗ ಅಪ್ಪ ಪಕ್ಕದಲ್ಲಿ ಬಂದು ಕೂತು ಪರ್ಸು ತೆಗೆದರು. ದುಬೈಯ ದಾರಿ ಖರ್ಚಿಗೆಂದು ಇಟ್ಟುಕೊಂಡಿದ್ದ ದಿರ್ಹಂ ಅದರಲ್ಲಿತ್ತು.

"ಇದು ಕೊಡುವುದಲ್ಲ ಗುಣವತಿ, ಬದಲಾಯಿಸುವುದು. ನಿನ್ನ ಡಾಲರು ನನಗೆ, ನನ್ನ ದಿರ್ಹಂ ನಿನಗೆ."

ಅಮ್ಮ ತಲೆಯೆತ್ತಿದಳು. "ರೇಟು ಎಷ್ಟು?"

"ಡಾಲರಿಗೆ ಮೂರೂವರೆ."

"ಮೋಕ್ಷಾ, ಮೊಬೈಲಿನಲ್ಲಿ ಎಷ್ಟು ಉಂಟು ನೋಡು."

"ಮೂರು ಅರುವತ್ತೇಳು" ಎಂದೆ.

"ಮತ್ತೆ? ಉಳಿದದ್ದು ಎಂತ?"

"ನನಗೆ ಕಮಿಷನ್ ಬೇಡ್ವಾ?" ಎಂದರು ಅಪ್ಪ.

"ಕಟ್ಟಿಕೊಂಡ ಹೆಂಡತಿಯ ಹತ್ತಿರ ಕಮಿಷನ್! ಪೂಜೆ ಮಾಡಿದ ನೋಟು ಇದು, ಇವರೇ, ನೀವು ಜಾಸ್ತಿ ಕೊಡಬೇಕು."

ಅಪ್ಪ ಸೋತು ಪೂರ್ತಿ ರೇಟು ಕೊಟ್ಟರು. ಅಮ್ಮ ಚಾಚಿದ ನೋಟುಗಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಅಮ್ಮನ ಕೈಯಿಂದ ಅಪ್ಪನ ಕೈಗೆ ದುಡ್ಡು ಹೋದದ್ದನ್ನು ನಾನು ಕಂಡದ್ದು ಅದೇ ಮೊದಲು. ಕೌಂಟರಿನ ಹೆಂಗಸು ದಿರ್ಹಂ ಪಡೆದು ಲಾರಿ ಎಣಿಸಿಕೊಟ್ಟಳು. ಅಮ್ಮ ಅದನ್ನು ತಾನೇ ಒಯ್ದು ಕಲಿಸುವವನ ಕೈಗಿಟ್ಟಳು.

ಹತ್ತು ಮಾರು ಜಾರುವ ಮೊದಲೇ ಧೊಪ್ಪನೆ ಬಿದ್ದಳು. ನಾನು ಓಡಲೆಂದು ಬೆಂಚಿನಿಂದ ಎದ್ದೆ. ಅಪ್ಪ ನನ್ನ ಜಾಕೆಟ್ ಎಳೆದು ಕೂರಿಸಿದರು. ಅವರ ಮುಖದ ತುಂಬ ಹೆಮ್ಮೆಯಿತ್ತು.

"ಬೀಳಲಿ ಬಿಡು" ಎಂದರು. "ಅವಳದೇ ದುಡ್ಡು."